ಉಸಿರಿಗೆ ಕಿವಿಗೊಟ್ಟ ವೈದ್ಯ: ರೆನೆ ಲೆನೆಕ್

ಆನಗೋಡಿನ ಸರ್ಕಾರಿ ಆಸ್ಪತ್ರೆಯಲ್ಲಾಗಲಿ, ದಾವಣಗೆರೆಯ ದೊಡ್ಡ ಆಸ್ಪತ್ರೆಗಳಲ್ಲಾಗಲಿ ವೈದ್ಯರ ಕೊರಳಲ್ಲಿ ತೂಗುವ ಸ್ಟೆತೊಸ್ಕೋಪನ್ನು ಕಾಣದವರಿಲ್ಲ. ಅದರ ತಣ್ಣನೆಯ ಬಿಲ್ಲೆ ಎದೆಗೆ ತಾಗಿದಾಗ ಮೈ ಜುಮ್ಮೆಂದದ್ದು ಎಲ್ಲರ ಅನುಭವ. ಆದರೆ ಆ ಉಪಕರಣವನ್ನು ಜಗತ್ತಿಗೆ ಕೊಟ್ಟವರು ಯಾರೆಂದು ವಿಚಾರಿಸುವವರು ವಿರಳ. ಅವರು ಫ್ರಾನ್ಸ್ ದೇಶದ ಕಥೋಲಿಕ ವೈದ್ಯ ರೆನೆ ಲೆನೆಕ್. ಶ್ವಾಸಕೋಶದ ಉರಿಯೂತವಾದ ನ್ಯುಮೋನಿಯಾವನ್ನು ರೋಗಿಯು ಬದುಕಿರುವಾಗಲೇ, ಅವನ ಹಾಸಿಗೆಯ ಬದಿಯಲ್ಲಿಯೇ, ನಿಶ್ಚಿತವಾಗಿ ಗುರುತಿಸುವ ಮಾರ್ಗವನ್ನು ವೈದ್ಯಲೋಕಕ್ಕೆ ತೋರಿಸಿಕೊಟ್ಟವರು ಇವರೇ. ಮಾಗಿಯ ಚಳಿಯಲ್ಲಿ ನಮ್ಮ ಮನೆಗಳಲ್ಲಿ ಕೂಸುಗಳೂ ವೃದ್ಧರೂ ಕೆಮ್ಮುತ್ತಿರುವಾಗ ಇವರ ಜೀವನವನ್ನು ನೆನೆಯುವುದು ಸಮಯೋಚಿತವೆಂದು ನಮಗೆ ತೋರುತ್ತದೆ.

1781ರ ಫೆಬ್ರವರಿ 17ರಂದು ಬ್ರಿಟನಿ ಪ್ರಾಂತ್ಯದ ಕೆಂಪೇರ್ ಪಟ್ಟಣದಲ್ಲಿ ಲೆನೆಕ್ ಜನಿಸಿದರು. ಐದು ವರ್ಷದ ಬಾಲಕನಾಗಿದ್ದಾಗಲೇ ತಾಯಿ ಕ್ಷಯರೋಗದಿಂದ ತೀರಿಕೊಂಡರು. ತಂದೆ ವಕೀಲರು, ಕವಿತೆಯಲ್ಲಿದ್ದ ಆಸಕ್ತಿ ಅವರಿಗೆ ಸಂಸಾರದಲ್ಲಿ ಇರಲಿಲ್ಲ. ಹೀಗಾಗಿ ಮಗುವನ್ನು ಬಂಧುವಾದ ಗುರುಗಳೊಬ್ಬರು ಕೆಲವು ಕಾಲ ಸಾಕಿದರು. ಆಮೇಲೆ ನಾಂತ್ ನಗರದಲ್ಲಿ ವೈದ್ಯರಾಗಿದ್ದ ಚಿಕ್ಕಪ್ಪ ಗಿಯೋಮ್ ತಮ್ಮ ಮನೆಗೆ ಕರೆದೊಯ್ದರು. ಫ್ರೆಂಚ್ ಕ್ರಾಂತಿಯ ಅತ್ಯಂತ ಭೀಕರ ದಿನಗಳು ಅವು. ಮನೆಯೆದುರಿನ ಚೌಕದಲ್ಲಿಯೇ ಗಿಲೊಟಿನ್ ಯಂತ್ರವನ್ನು ನಿಲ್ಲಿಸಿದ್ದರು. ಹನ್ನೆರಡು–ಹದಿಮೂರು ವಯಸ್ಸಿನ ಹುಡುಗನು ಕಿಟಕಿಯಿಂದ ಕಂಡ ದೃಶ್ಯಗಳನ್ನು ಇಲ್ಲಿ ವರ್ಣಿಸುವುದು ಬೇಡ. ಅದೇ ನಗರದ ಆಸ್ಪತ್ರೆಗಳಲ್ಲಿ ಚಿಕ್ಕಪ್ಪನ ಹಿಂದೆ ನಡೆದು ಗಾಯಾಳುಗಳ ಶುಶ್ರೂಷೆಯನ್ನು ಕಲಿತನೆಂಬುದು ನಮಗೆ ಮುಖ್ಯ.

1801ರಲ್ಲಿ ಲೆನೆಕರು ಪ್ಯಾರಿಸ್ಸಿಗೆ ಬಂದರು. ಕುಳ್ಳು, ಬಡಕಲು ದೇಹ, ಕೈಯಲ್ಲಿ ಕಾಸಿಲ್ಲ, ಜೊತೆಗೆ ಕೊಳಲು. 1803ರಲ್ಲಿ ವೈದ್ಯಕೀಯ ಹಾಗೂ ಶಸ್ತ್ರಚಿಕಿತ್ಸೆ ಎರಡರಲ್ಲಿಯೂ ಬಹುಮಾನ ಗಳಿಸಿದರು. ಕ್ರಾಂತಿಯ ಬಿರುಗಾಳಿಯಲ್ಲಿ ಅನೇಕರಂತೆ ದೂರವಾಗಿದ್ದ ಕಥೋಲಿಕ ವಿಶ್ವಾಸಕ್ಕೆ ಅವರು ಮನಸಾರೆ ಮರಳಿದ್ದೂ ಈ ವರ್ಷಗಳಲ್ಲಿಯೇ. ಅಂದಿನ ಪ್ಯಾರಿಸ್ಸಿನ ವಿದ್ಯಾವಂತರ ನಡುವೆ ಅದು ಹೆಮ್ಮೆಪಡುವ ಸಂಗತಿಯಾಗಿರಲಿಲ್ಲ. ಲೆನೆಕರು ಅದನ್ನು ಮುಚ್ಚಿಡಲೂ ಇಲ್ಲ, ಮೆರೆಸಲೂ ಇಲ್ಲ. 1814ರಲ್ಲಿ ಯುದ್ಧಭೂಮಿಯಿಂದ ಸಾವಿರಾರು ಸೈನಿಕರು ರೋಗಪೀಡಿತರಾಗಿ ಪ್ಯಾರಿಸ್ಸಿಗೆ ಬಂದಾಗ, ಫ್ರೆಂಚ್ ಅರಿಯದ ಬ್ರಿಟನಿಯ ಹಳ್ಳಿ ಹುಡುಗರು ತಮ್ಮ ನೋವನ್ನು ಹೇಳಿಕೊಳ್ಳಲಾಗದೆ ಸಾಯುತ್ತಿದ್ದರು. ಲೆನೆಕರು ಅವರನ್ನು ಒಂದೆಡೆ ಸೇರಿಸಿ, ಅವರ ಬ್ರೆಟನ್ ಭಾಷೆಯಲ್ಲಿಯೇ ಮಾತನಾಡಿಸಿ ಚಿಕಿತ್ಸೆ ನೀಡಿದರು. ಲಂಬಾಣಿ, ಉರ್ದು, ಕೊಂಕಣಿ, ತಮಿಳು ಮಾತಿನ ಮನೆಗಳು ಅಕ್ಕಪಕ್ಕದಲ್ಲಿರುವ ನಮ್ಮ ಭಾಗದಲ್ಲಿ ಇದರ ಬೆಲೆಯನ್ನು ವಿವರಿಸಬೇಕಾಗಿಲ್ಲ.

ಆ ಕಾಲದ ವೈದ್ಯರು ರೋಗಿಯ ಮಾತನ್ನೇ ನಂಬಬೇಕಾಗಿತ್ತು. ಎದೆಯೊಳಗೆ ಏನು ನಡೆದಿದೆಯೆಂದು ತಿಳಿಯಲು ಇದ್ದ ಸಾಧನಗಳು ಎರಡೇ. ಒಂದು, ಎದೆಯನ್ನು ಬೆರಳಿನಿಂದ ತಟ್ಟಿ ನೋಡುವುದು. ತೆಂಗಿನಕಾಯಿಯನ್ನು ತಟ್ಟಿ ಒಳಗಿನ ಎಳನೀರನ್ನು ಅಂದಾಜು ಮಾಡುವ ನಮ್ಮವರಿಗೆ ಇದು ಸುಲಭವಾಗಿ ಅರ್ಥವಾದೀತು. ಆಸ್ಟ್ರಿಯದ ಔಎನ್‌ಬ್ರುಗ್ಗರ್ ಎಂಬ ವೈದ್ಯರು 1761ರಲ್ಲಿ ಇದನ್ನು ಬರೆದಿಟ್ಟರು. ಲೆನೆಕರ ಗುರು ಕೊರ್ವಿಸಾರ್ 1808ರಲ್ಲಿ ಅದನ್ನು ಫ್ರೆಂಚ್ ಭಾಷೆಗೆ ತಂದು ಪ್ರಚಾರ ಮಾಡಿದರು. ಇನ್ನೊಂದು, ರೋಗಿಯ ಎದೆಗೆ ನೇರವಾಗಿ ಕಿವಿಯಿಟ್ಟು ಆಲಿಸುವುದು. ಇದು ಕೊಳಕಿನ ಕಾರಣದಿಂದ ಅಸಹ್ಯವೂ, ಸ್ತ್ರೀಯರ ವಿಷಯದಲ್ಲಿ ಅಸಭ್ಯವೂ ಆಗಿತ್ತು.

1816ರಲ್ಲಿ ಲೆನೆಕರು ನೆಕೆರ್ ಆಸ್ಪತ್ರೆಯ ವೈದ್ಯರಾದರು. ಅದೇ ವರ್ಷ ಹೃದ್ರೋಗದ ಚಿಹ್ನೆಗಳಿದ್ದ, ಸ್ಥೂಲಕಾಯದ ಒಬ್ಬ ಯುವತಿ ಚಿಕಿತ್ಸೆಗೆ ಬಂದಳು. ತಟ್ಟಿ ನೋಡಿದರೆ ಏನೂ ತಿಳಿಯದು, ಕಿವಿಯಿಡಲು ಸಂಕೋಚ. ಮರದ ತೊಲೆಯ ಒಂದು ತುದಿಯನ್ನು ಸೂಜಿಯಿಂದ ಕೆರೆದರೆ ಇನ್ನೊಂದು ತುದಿಗೆ ಕಿವಿಗೊಟ್ಟವನಿಗೆ ಆ ಸದ್ದು ಸ್ಪಷ್ಟವಾಗಿ ಕೇಳುವುದೆಂಬ ಸಂಗತಿ ಆಗ ಅವರಿಗೆ ನೆನಪಾಯಿತು. ಕಾಗದದ ಒಂದು ದಸ್ತನ್ನು ಬಿಗಿಯಾಗಿ ಸುತ್ತಿ, ಒಂದು ತುದಿಯನ್ನು ಆಕೆಯ ಎದೆಯ ಮೇಲಿಟ್ಟು ಇನ್ನೊಂದಕ್ಕೆ ಕಿವಿಗೊಟ್ಟರು. ಹೃದಯದ ಬಡಿತವು ಬರಿಗಿವಿಗೆ ಎಂದೂ ಕೇಳದಷ್ಟು ಸ್ಪಷ್ಟವಾಗಿ ಕೇಳಿಸಿತು. ತೊಲೆಯೊಡನೆ ಆಟವಾಡುತ್ತಿದ್ದ ಮಕ್ಕಳನ್ನು ಕಂಡು ಈ ಉಪಾಯ ಹೊಳೆಯಿತೆಂದು ಪಠ್ಯಪುಸ್ತಕಗಳು ಹೇಳುತ್ತವೆ. ಕತೆ ಸೊಗಸಾಗಿದೆ, ಆದರೆ ಲೆನೆಕರು ತಮ್ಮ ಗ್ರಂಥದಲ್ಲಿ ಮಕ್ಕಳ ಹೆಸರೆತ್ತಿಲ್ಲ.

ಬಳಿಕ ಅವರು ಕಾಗದವನ್ನು ಬಿಟ್ಟು ಮರವನ್ನು ಹಿಡಿದರು. ಒಂದು ಅಡಿಯಷ್ಟು ಉದ್ದದ ಮರದ ಕೊಳವೆಯನ್ನು ಚರಕಿಯಲ್ಲಿ ತಾವೇ ಕಡೆದರು. ಕೊಳಲು ನುಡಿಸಿ ಪಳಗಿದ ಕಿವಿ ಅವರದು. ಅದು ವ್ಯರ್ಥವಾಗಲಿಲ್ಲವೆಂದು ನಾವು ಭಾವಿಸುತ್ತೇವೆ. ಎದೆ ಎಂಬ ಅರ್ಥದ ಗ್ರೀಕ್ ಪದಕ್ಕೆ ನೋಡು ಎಂಬ ಪದವನ್ನು ಸೇರಿಸಿ ಅದಕ್ಕೆ ಹೆಸರಿಟ್ಟರು. ಕಿವಿಯ ಉಪಕರಣಕ್ಕೆ ಕಣ್ಣಿನ ಹೆಸರು! ಇದರಲ್ಲಿ ಒಂದು ತತ್ತ್ವವಿದೆ. ಬೆಟ್ಟದ ಮೇಲೆ ಹೊಗೆಯನ್ನು ಕಂಡು ಬೆಂಕಿಯನ್ನು ಅನುಮಾನಿಸುವುದು ನಮ್ಮ ದೇಶದ ತರ್ಕಶಾಸ್ತ್ರದ ಹಳೆಯ ಉದಾಹರಣೆ. ಹೊಗೆ ಮತ್ತು ಬೆಂಕಿ ಒಟ್ಟಿಗಿರುವುದನ್ನು ಮೊದಲು ಅಡುಗೆಮನೆಯಲ್ಲಿ ಕಂಡಿದ್ದರೆ ಮಾತ್ರ ಬೆಟ್ಟದ ಅನುಮಾನ ನಿಲ್ಲುತ್ತದೆ. ಲೆನೆಕರು ಮಾಡಿದ್ದೂ ಇದನ್ನೇ. ರೋಗಿಯ ಎದೆಯಲ್ಲಿ ಕೇಳಿದ ಸದ್ದನ್ನು ಬರೆದಿಟ್ಟರು. ಆ ರೋಗಿ ತೀರಿಕೊಂಡರೆ ಶವಪರೀಕ್ಷೆ ಮಾಡಿ ಶ್ವಾಸಕೋಶದ ಸ್ಥಿತಿಯನ್ನು ಆ ಬರಹದೊಡನೆ ತಾಳೆ ನೋಡಿದರು. ಮೂರು ವರ್ಷ ಈ ಕೆಲಸ ನಡೆಯಿತು. 1819ರಲ್ಲಿ ಎರಡು ಸಂಪುಟಗಳ ಗ್ರಂಥ ಹೊರಬಂದಿತು. ಅದನ್ನು ಕೊಳ್ಳುವವರು ಅಲ್ಪ ಬೆಲೆಗೆ ಒಂದು ಕೊಳವೆಯನ್ನೂ ಪಡೆಯಬಹುದಾಗಿತ್ತು.

ಆ ಗ್ರಂಥದಲ್ಲಿ ನ್ಯುಮೋನಿಯಾ ಕುರಿತ ಪುಟಗಳು ಇಂದಿಗೂ ಹಳತಾಗಿಲ್ಲ. ಆರೋಗ್ಯವಂತ ಶ್ವಾಸಕೋಶವು ಗಾಳಿ ತುಂಬಿದ ಸ್ಪಂಜಿನಂತೆ ಮೃದು. ರೋಗ ತಗುಲಿದಾಗ ಅದರ ಸೂಕ್ಷ್ಮ ಗೂಡುಗಳಲ್ಲಿ ದ್ರವ ತುಂಬಿಕೊಳ್ಳುತ್ತದೆ. ಆಗ ಉಸಿರೆಳೆದುಕೊಂಡಾಗ ಸಣ್ಣಗೆ ಚಿಟಚಿಟ ಸದ್ದು ಬರುತ್ತದೆ. ಬಾಣಲೆಯಲ್ಲಿ ಉಪ್ಪನ್ನು ಮಂದ ಉರಿಯಲ್ಲಿ ಹುರಿದಾಗಿನ ಸದ್ದಿಗೆ ಲೆನೆಕರು ಇದನ್ನು ಹೋಲಿಸಿದರು. ದಾವಣಗೆರೆಯವರಿಗೆ ಮಂಡಕ್ಕಿ ಭಟ್ಟಿಯ ಕಾದ ಮರಳಿನಲ್ಲಿ ಅಕ್ಕಿ ಅರಳುವ ಸದ್ದನ್ನು ನೆನೆಸಿಕೊಂಡರೂ ಸಾಕು. ರೋಗ ಬಲಿತಾಗ ಶ್ವಾಸಕೋಶದ ಆ ಭಾಗವು ಪಿತ್ತಜನಕಾಂಗದಂತೆ ಗಟ್ಟಿಯಾಗಿ, ಚಿಟಚಿಟವೂ ನಿಂತುಹೋಗುತ್ತದೆ. ರೋಗಿ ಚೇತರಿಸಿಕೊಳ್ಳುವಾಗ ಅದೇ ಸದ್ದು ಮತ್ತೆ ಮರಳುತ್ತದೆ. ಹಾಗಾಗಿ ಒಂದೇ ಸದ್ದು ಮೊದಲ ದಿನ ಎಚ್ಚರಿಕೆ, ಕೆಲವು ದಿನಗಳ ನಂತರ ಶುಭವಾರ್ತೆ. ಎಂದು, ಯಾವ ಕ್ರಮದಲ್ಲಿ ಕೇಳಿತೆಂಬುದನ್ನು ಅರಿಯದೆ ಬರಿಯ ಸದ್ದಿನಿಂದ ನಿರ್ಣಯಿಸುವಂತಿಲ್ಲ.

ಇನ್ನೊಂದು ವಿಷಯವನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗದು. ಈ ಸದ್ದುಗಳಿಗೆ ಅವರು ಫ್ರೆಂಚ್ ಭಾಷೆಯಲ್ಲಿ ಬಳಸಿದ ಪದವನ್ನು ಜನಸಾಮಾನ್ಯರು ಸಾಯುವವರ ಗಂಟಲಿನ ಗೊರಗೊರ ಶಬ್ದಕ್ಕೆ ಹೇಳುತ್ತಿದ್ದರು. ರೋಗಿಯ ಕಿವಿಗೆ ಆ ಮಾತು ಬಿದ್ದರೆ ಭಯದಿಂದಲೇ ಕುಗ್ಗಿಹೋಗುವನೆಂದು, ಹಾಸಿಗೆಯ ಬಳಿ ಅದರ ಬದಲು ಲ್ಯಾಟಿನ್ ಪದವೊಂದನ್ನು ಅವರು ಬಳಸಿದರು. ರೋಗಿಯ ಎದುರಿಗೇ ನಿಂತು ಇನ್ನೆಷ್ಟು ದಿನವೋ ಎಂದು ಪಿಸುಗುಟ್ಟುವ ನೆಂಟರನ್ನು ಕಂಡಾಗಲೆಲ್ಲ ನಮಗೆ ಇದು ನೆನಪಾಗುತ್ತದೆ.

ಮಕ್ಕಳ ಉಸಿರಾಟದ ಸದ್ದು ದೊಡ್ಡವರದಕ್ಕಿಂತ ಜೋರಾಗಿಯೂ ಸ್ಪಷ್ಟವಾಗಿಯೂ ಇರುವುದನ್ನು ಲೆನೆಕರು ಗುರುತಿಸಿ ಅದಕ್ಕೆ ಬಾಲಶ್ವಾಸವೆಂಬ ಅರ್ಥದ ಹೆಸರನ್ನು ಕೊಟ್ಟರು. ವಯಸ್ಸಿಗೆ ತಕ್ಕಂತೆ ಎದೆ ಬೇರೆ ಬೇರೆಯಾಗಿ ಮಾತನಾಡುತ್ತದೆಂಬ ಈ ತಿಳಿವನ್ನು ಇಂದಿನ ವೈದ್ಯಶಾಸ್ತ್ರವು ಬಹಳ ಬೆಳೆಸಿದೆ. ಅದರಲ್ಲಿ ಸ್ಟೆತೊಸ್ಕೋಪು ಇಲ್ಲದೆ ತಾಯಂದಿರೂ ಕಂಡುಕೊಳ್ಳಬಹುದಾದ ಭಾಗವೇ ದೊಡ್ಡದು. 2019ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಐದು ವರ್ಷದೊಳಗಿನ ಸುಮಾರು 7.4 ಲಕ್ಷ ಮಕ್ಕಳು ನ್ಯುಮೋನಿಯಾದಿಂದ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹಾಕಿದೆ. ಆದ್ದರಿಂದ ನಮ್ಮ ಗೃಹಿಣಿಯರು ಮುಂದಿನ ಮಾತುಗಳನ್ನು ನಿಧಾನವಾಗಿ ಓದಬೇಕೆಂದು ಕೋರುತ್ತೇವೆ.

ಮಗುವಿಗೆ ಕೆಮ್ಮು ಅಥವಾ ಉಸಿರಾಟದ ತೊಂದರೆ ಇರುವಾಗ ಅದು ಅಳದೆ ಶಾಂತವಾಗಿರುವ ಸಮಯ ನೋಡಿ, ಅಂಗಿಯನ್ನು ಮೇಲೆತ್ತಿ, ಎದೆ–ಹೊಟ್ಟೆಯ ಏರಿಳಿತವನ್ನು ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಎಣಿಸಬೇಕು. ಎರಡು ತಿಂಗಳೊಳಗಿನ ಕೂಸಿಗೆ 60 ಅಥವಾ ಹೆಚ್ಚು, ಎರಡು ತಿಂಗಳಿನಿಂದ ಒಂದು ವರ್ಷದೊಳಗಿನದಕ್ಕೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದೊಳಗಿನದಕ್ಕೆ 40 ಅಥವಾ ಹೆಚ್ಚು ಬಂದರೆ ಅದು ವೇಗದ ಉಸಿರು. ಅಂದೇ ವೈದ್ಯರಿಗೆ ತೋರಿಸಬೇಕು. ಉಸಿರೆಳೆಯುವಾಗ ಪಕ್ಕೆಲುಬಿನ ಕೆಳಭಾಗವು ಒಳಕ್ಕೆ ಸೆಳೆದುಕೊಳ್ಳುವುದು, ಮೂಗಿನ ಹೊಳ್ಳೆ ಅರಳುವುದು, ಪ್ರತಿ ಉಸಿರಿಗೂ ನರಳುವುದು, ತುಟಿ ನೀಲಿಯಾಗುವುದು, ಹಾಲು ಕುಡಿಯದಿರುವುದು, ಕುಡಿದದ್ದನ್ನೆಲ್ಲ ಕಾರುವುದು, ಎಬ್ಬಿಸಿದರೂ ಏಳದ ಮಂಪರು, ಫಿಟ್ಸ್ ಬರುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಿನವರೆಗೆ ಕಾಯಬಾರದು. 108ಕ್ಕೆ ಕರೆ ಮಾಡಿ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಗೋ ಬಾಪೂಜಿ ಮಕ್ಕಳ ಆಸ್ಪತ್ರೆಗೋ ಒಯ್ಯಬೇಕು. ಎಳೆಗೂಸುಗಳ ವಿಷಯದಲ್ಲಿ ಒಂದು ಸೂಕ್ಷ್ಮವಿದೆ: ಎರಡು ತಿಂಗಳೊಳಗಿನ ಕೂಸಿಗೆ ಜ್ವರವೂ ಇಲ್ಲದೆ, ಕೆಮ್ಮೂ ಇಲ್ಲದೆ, ಮೈ ತಣ್ಣಗಾಗಿ, ಮೊಲೆ ಕಚ್ಚದೆ ಸುಮ್ಮನೆ ಮಲಗಿರುವುದೇ ಏಕೈಕ ಲಕ್ಷಣವಾಗಿರಬಹುದು. ಕೂಸು ಅಳುವುದನ್ನು ಬಿಟ್ಟು ಬಲು ಒಳ್ಳೆಯದಾಗಿದೆಯೆಂದು ಅಜ್ಜಿ ಸಂತೋಷಪಡುವ ಹೊತ್ತಿಗೆ ರೋಗ ಬಹು ದೂರ ನಡೆದಿರುತ್ತದೆ.

ಅಜ್ಜಿಯರ ಮಾತು ಬಂದದ್ದರಿಂದ ಎರಡು ರೂಢಿಗಳ ವಿಷಯವನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ. ಕೂಸಿನ ಮೂಗಿಗೆ ಎಣ್ಣೆ ಬಿಡುವುದರಿಂದ ಆ ಎಣ್ಣೆ ಶ್ವಾಸಕೋಶಕ್ಕಿಳಿದು ಅದೇ ಒಂದು ಬಗೆಯ ನ್ಯುಮೋನಿಯಾಕ್ಕೆ ಕಾರಣವಾಗುತ್ತದೆ. ಉಸಿರು ಕಟ್ಟುವ ಮಗುವಿನ ಹೊಟ್ಟೆಗೆ ಬರೆ ಹಾಕುವುದಂತೂ ನೋವಿನ ಮೇಲೆ ನೋವು, ಜೊತೆಗೆ ತಡದ ಮೇಲೆ ತಡ. ಹಿರಿಯರ ಮೇಲಿನ ಗೌರವದಿಂದ ಸೊಸೆಯಂದಿರು ಇದನ್ನು ವಿರೋಧಿಸಲಾರರು. ಆದ್ದರಿಂದ ಮನೆಯ ಗಂಡಸರೇ ಇದನ್ನು ತಡೆಯಬೇಕು. ಹೊಗೆಯ ಒಲೆಯ ಮುಂದೆ ಕೂಸನ್ನು ಕಂಕುಳಲ್ಲಿ ಹೊತ್ತು ಅಡುಗೆ ಮಾಡುವುದೂ ಅದರ ಎದೆಗೆ ಹಿತವಲ್ಲ.

ಶಾಲೆಗೆ ಹೋಗುವ ವಯಸ್ಸಿನ ಮಕ್ಕಳಲ್ಲಿ ಜ್ವರ, ಕೆಮ್ಮು ಸಾಮಾನ್ಯವಾಗಿ ಎದ್ದು ಕಾಣುತ್ತವೆ. ಆದರೂ ಶ್ವಾಸಕೋಶದ ಕೆಳಭಾಗಕ್ಕೆ ರೋಗ ತಗುಲಿದಾಗ ಮಗು ಹೊಟ್ಟೆನೋವೆಂದು ಅಳುವುದುಂಟು. ಯುವಕರ ಹಾಗೂ ನಡುವಯಸ್ಸಿನವರ ನ್ಯುಮೋನಿಯಾ ಪುಸ್ತಕದಲ್ಲಿದ್ದಂತೆಯೇ ಬರುವುದು ಹೆಚ್ಚು: ಒಮ್ಮೆಲೇ ನಡುಕದ ಚಳಿ, ಏರುಜ್ವರ, ಉಸಿರೆಳೆದಾಗ ಪಕ್ಕೆಯಲ್ಲಿ ಚುಚ್ಚುವ ನೋವು, ತುಕ್ಕಿನ ಬಣ್ಣದ ಕಫ. ಇವರು ತಮ್ಮ ಕಷ್ಟವನ್ನು ತಾವೇ ಹೇಳಬಲ್ಲರು. ಹೊಲದ ಕೆಲಸವಿದೆ, ಡ್ಯೂಟಿ ಇದೆ ಎಂದು ಮುಂದೂಡುವುದಷ್ಟೇ ಇವರ ಅಪಾಯ.

ನಮ್ಮ ಅನುಭವದಲ್ಲಿ ಹೆಚ್ಚು ಮೋಸಹೋಗುವುದು ವೃದ್ಧರ ವಿಷಯದಲ್ಲಿ. ಅಸ್ವಸ್ಥರಿಗೆ ಪರಮಪ್ರಸಾದವನ್ನು ಒಯ್ಯುವಾಗ ಎಷ್ಟೋ ಮನೆಗಳಲ್ಲಿ ಒಂದೇ ಮಾತನ್ನು ಕೇಳಿದ್ದೇವೆ. ಅಜ್ಜನಿಗೆ ಜ್ವರವಿಲ್ಲ, ವಯಸ್ಸಾಯಿತಷ್ಟೇ. ಎರಡು ದಿನದಿಂದ ಊಟ ಬಿಟ್ಟಿದ್ದಾರೆ, ಏನೇನೋ ಮಾತನಾಡುತ್ತಾರೆ, ನಿನ್ನೆ ಬಚ್ಚಲಿಗೆ ಹೋಗುವಾಗ ಬಿದ್ದರು. ಇಂಥ ಮಾತು ಕೇಳಿದೊಡನೆ ನ್ಯುಮೋನಿಯಾವನ್ನೂ ನೆನೆಯಬೇಕು. ಮುಪ್ಪಿನಲ್ಲಿ ದೇಹದ ಪ್ರತಿಭಟನಾ ಶಕ್ತಿ ಕುಂದಿರುವುದರಿಂದ ಜ್ವರ ಬಾರದೆಯೇ ಹೋಗಬಹುದು, ಕೆಮ್ಮಲು ಬಲವೂ ಇರಲಾರದು. ಬುದ್ಧಿಯ ಗಲಿಬಿಲಿ, ನಿತ್ರಾಣ, ಬೀಳುವಿಕೆ, ಊಟದ ಮೇಲಿನ ಅನಾಸಕ್ತಿ, ಇದ್ದಕ್ಕಿದ್ದಂತೆ ಹಾಸಿಗೆಯಲ್ಲಿ ಮೂತ್ರ ಹೋಗುವುದು, ಹತೋಟಿಯಲ್ಲಿದ್ದ ಸಕ್ಕರೆ ಕಾಯಿಲೆ ಕಾರಣವಿಲ್ಲದೆ ಏರುವುದು, ಇವೇ ಅಲ್ಲಿನ ಭಾಷೆ. ಇಲ್ಲಿಯೂ ಉಸಿರನ್ನು ಎಣಿಸುವುದು ನೆರವಾಗುತ್ತದೆ. ವಿಶ್ರಾಂತಿಯಲ್ಲಿರುವ ವಯಸ್ಕರು ನಿಮಿಷಕ್ಕೆ 12ರಿಂದ 20 ಬಾರಿ ಉಸಿರಾಡುತ್ತಾರೆ. ಅದು 30ನ್ನು ಮುಟ್ಟಿದರೆ ಗಂಭೀರ ಸ್ಥಿತಿ. 2020–21ರ ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಬೀರುವಿನಲ್ಲಿದ್ದರೆ ಹೊರತೆಗೆಯಿರಿ. ಆಮ್ಲಜನಕದ ಅಂಕಿ 94ಕ್ಕಿಂತ ಕೆಳಗಿಳಿದರೆ ವೈದ್ಯರನ್ನು ಕಾಣಬೇಕು, 90ಕ್ಕಿಂತ ಕಡಿಮೆಯಾದರೆ ಆಸ್ಪತ್ರೆಯೇ ಗತಿ. ಅಂಕಿ ಚೆನ್ನಾಗಿದ್ದರೂ ಮೇಲಿನ ಲಕ್ಷಣಗಳಿದ್ದರೆ ಸುಮ್ಮನಿರಬಾರದು. ವಯಸ್ಸಾಯಿತು ಎಂಬುದು ಯಾವ ವೈದ್ಯಗ್ರಂಥದಲ್ಲಿಯೂ ರೋಗದ ಹೆಸರಲ್ಲ. ರೋಗಿಗಳ ಅಭ್ಯಂಗಕ್ಕಾಗಿ ಗುರುಗಳಿಗೆ ಹೇಳಿ ಕಳುಹಿಸುವವರು ಅದೇ ಗಳಿಗೆಯಲ್ಲಿ ವೈದ್ಯರಿಗೂ ಹೇಳಿ ಕಳುಹಿಸಲಿ; ಒಂದು ಇನ್ನೊಂದಕ್ಕೆ ಅಡ್ಡಿಯಲ್ಲ. ಹರಿಹರದ ಆರೋಗ್ಯಮಾತೆಗೆ ಹರಕೆ ಹೊರುವ ಭಕ್ತರಿಗೂ ನಾವು ಹೇಳುವುದು ಇದನ್ನೇ.

ಲೆನೆಕರು ರೋಗವನ್ನು ಕಂಡರು. ಗುಣಪಡಿಸುವ ಸಾಧನ ಅವರ ಕಾಲದಲ್ಲಿ ಇರಲಿಲ್ಲ. ರಕ್ತ ತೆಗೆಯುವುದು, ಆಂಟಿಮನಿಯ ಒಂದು ಲವಣವನ್ನು ಹೆಚ್ಚು ಪ್ರಮಾಣದಲ್ಲಿ ಕುಡಿಸುವುದು, ಇವೇ ಅಂದಿನ ಚಿಕಿತ್ಸೆ. ಇಂದು ಅವನ್ನು ಯಾರೂ ಮಾಡರು. ನ್ಯುಮೋನಿಯಾ ತರುವ ಮುಖ್ಯ ರೋಗಾಣು ಕಾಣಿಸಿದ್ದು 1881ರಲ್ಲಿ, ಲೆನೆಕರು ಹುಟ್ಟಿ ಸರಿಯಾಗಿ ನೂರು ವರ್ಷಕ್ಕೆ. ಪೆನಿಸಿಲಿನ್ ರೋಗಿಗಳಿಗೆ ದೊರೆತದ್ದು 1940ರ ದಶಕದಲ್ಲಿ. ಆ ರೋಗಾಣುವಿನ ವಿರುದ್ಧದ ಪಿಸಿವಿ ಲಸಿಕೆಯನ್ನು ಭಾರತ ಸರ್ಕಾರವು 2017ರಲ್ಲಿ ಕೆಲವು ರಾಜ್ಯಗಳಲ್ಲಿ ಆರಂಭಿಸಿ 2021ರಲ್ಲಿ ದೇಶದಾದ್ಯಂತ ವಿಸ್ತರಿಸಿತು. ಕೂಸಿಗೆ ಆರು ವಾರ, ಹದಿನಾಲ್ಕು ವಾರ ಹಾಗೂ ಒಂಬತ್ತು ತಿಂಗಳಾದಾಗ ಇದನ್ನು ಉಚಿತವಾಗಿ ಹಾಕುತ್ತಾರೆ. ತಾಯಿ ಕಾರ್ಡಿನಲ್ಲಿ ಈ ಮೂರೂ ಗುರುತು ಬಿದ್ದಿವೆಯೇ ಎಂದು ಆಶಾ ಕಾರ್ಯಕರ್ತೆಯರನ್ನು ಕೇಳಿ ತಿಳಿಯಿರಿ. ಅರವತ್ತು ದಾಟಿದವರಿಗೂ ಲಸಿಕೆಗಳಿವೆ. ವೈದ್ಯರ ಸಲಹೆ ಪಡೆಯಬಹುದು.

ಲೆನೆಕರ ಕತೆಯ ಉಳಿದ ಭಾಗ ಚಿಕ್ಕದು. ಗ್ರಂಥ ಮುಗಿಯುವ ಹೊತ್ತಿಗೆ ಅವರ ದೇಹ ಸೋತಿತ್ತು. ಅದೇ 1819ರಲ್ಲಿ ಎಲ್ಲವನ್ನೂ ಬಿಟ್ಟು ಬ್ರಿಟನಿಯ ತಮ್ಮ ಕೆರ್ಲುಆರ್ನೆಕ್ ಮನೆಗೆ ಹೋದರು. ಕೆಲವು ಕಾಲ ರೈತರಂತೆ ಬದುಕಿದ ಬಳಿಕ ಚೇತರಿಸಿಕೊಂಡು ಮರಳಿದರು. 1822ರಲ್ಲಿ ಪ್ಯಾರಿಸ್ಸಿನ ಕಾಲೇಜ್ ದ ಫ್ರಾನ್ಸ್‌ನಲ್ಲಿ ಪ್ರಾಧ್ಯಾಪಕರಾದರು. ದೂರ ದೇಶಗಳ ವಿದ್ಯಾರ್ಥಿಗಳು ಬಂದು ಅವರ ಹಿಂದೆ ವಾರ್ಡಿನಿಂದ ವಾರ್ಡಿಗೆ ನಡೆದರು. ಅವರು ಸಂತರ ಪಟ್ಟಿಯಲ್ಲಿಲ್ಲ. ವಿರೋಧಿ ವೈದ್ಯ ಬ್ರೂಸೆಯವರೊಡನೆ ನಡೆದ ವಾದದಲ್ಲಿ ಅವರ ಲೇಖನಿ ಬಹಳ ಹರಿತವಾಗಿತ್ತು. 1824ರಲ್ಲಿ ವಿವಾಹವಾದರು, ಮಕ್ಕಳಾಗಲಿಲ್ಲ. ಎರಡನೆಯ ಆವೃತ್ತಿಗಾಗಿ ಹಗಲಿರುಳು ದುಡಿದು 1826ರಲ್ಲಿ ಅದನ್ನು ಹೊರತಂದರು. ಆ ವೇಳೆಗೆ ಕೆಮ್ಮು, ಜ್ವರ, ಸೊರಗುವಿಕೆ ಹೆಚ್ಚಾಗಿದ್ದವು.

ಸೋದರ ಸಂಬಂಧಿಯಾದ ತರುಣ ವೈದ್ಯ ಮೆರಿಯಾದೆಕ್ ಅದೇ ಮರದ ಕೊಳವೆಯನ್ನು ಅವರ ಎದೆಯ ಮೇಲಿಟ್ಟು ಆಲಿಸಿ, ಕೇಳಿದ್ದನ್ನು ವಿವರಿಸಿದನು. ಆ ಸದ್ದುಗಳ ಅರ್ಥವನ್ನು ಜಗತ್ತಿಗೆ ಕಲಿಸಿದ್ದವರೇ ಅವರು. ತಾಯಿಯನ್ನೂ ತಮ್ಮನನ್ನೂ ಆಪ್ತ ಗೆಳೆಯ ಬೇಲ್‌ನನ್ನೂ ಕೊಂಡೊಯ್ದ ಕ್ಷಯವೇ ತಮ್ಮಲ್ಲಿಯೂ ಇದೆಯೆಂದು ಅವರಿಗೆ ತಿಳಿಯಿತು. ಬ್ರಿಟನಿಗೆ ಮರಳಿದರು. ಪುಸ್ತಕಗಳು, ಬರಹಗಳು, ಗಡಿಯಾರ ಮತ್ತು ಎಲ್ಲಕ್ಕಿಂತ ಅಮೂಲ್ಯವೆಂದು ಎಣಿಸಿದ ಸ್ಟೆತೊಸ್ಕೋಪನ್ನು ಮೆರಿಯಾದೆಕನಿಗೆ ಬರೆದುಕೊಟ್ಟರು. 1826ರ ಆಗಸ್ಟ್ 13ರಂದು, ಪ್ರಾಣ ಬಿಡುವುದಕ್ಕೆ ತುಸು ಮೊದಲು, ಬೆರಳಿನ ಉಂಗುರಗಳನ್ನು ತಾವೇ ಒಂದೊಂದಾಗಿ ತೆಗೆದು ಪಕ್ಕದಲ್ಲಿಟ್ಟರು. ಆ ನೋವಿನ ಕೆಲಸ ಮನೆಯವರ ಪಾಲಿಗೆ ಬರಬಾರದೆಂಬುದು ಅವರ ಎಣಿಕೆಯಾಗಿತ್ತು. ಆಗ ಅವರಿಗೆ ನಲವತ್ತೈದು ವರ್ಷ. ಪ್ಲೊಆರೆ ಗ್ರಾಮದ ಸ್ಮಶಾನದಲ್ಲಿ ಅವರ ಸಮಾಧಿಯಿದೆ.